ಸುಲಭ ಮಟ್ಟ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದು ಮೂರು ದಿನವಾಗಿದ್ದ ಒಂದು ಸಂಜೆ, ಅದೇ ಕಂದಕಕ್ಕೆ ನಾನು ಆರನೆಯ ಸಲ ಬಿದ್ದಾಗ ಪರದೆಯ ಮೇಲೆ ಬಹಳ ಸೌಜನ್ಯದ ಪ್ರಶ್ನೆಯೊಂದು ಮೂಡಿತು: ಆಟವನ್ನು ಸುಲಭ ಮಟ್ಟಕ್ಕೆ ಇಳಿಸಬೇಕೇ? ಮೂವತ್ತು ವರ್ಷ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿ, ಹೋದಲ್ಲೆಲ್ಲ ಎದುರಿನವರಿಗೇ ಬೆವರಿಳಿಸಿ ಬಂದ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಬೇಡವೆಂದು ಒತ್ತಿದೆ. ಏಳನೆಯ ಸಲವೂ ಬಿದ್ದೆ.

ಆಟಗಳಲ್ಲಿ ನಾನು ತೀರ ಹೊಸಬನಲ್ಲ ಎಂಬ ಜಂಬ ನನಗಿತ್ತು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸೇ ಪಜಿತ್ನೋವ್ ರೂಪಿಸಿದ ಟೆಟ್ರಿಸ್‌ನ ಚೌಕಗಳನ್ನು ಸಾಲುಗೂಡಿಸುತ್ತ, 1997ರಲ್ಲಿ ನೋಕಿಯಾ 6110ರೊಡನೆ ಬಂದ ಹಾವನ್ನು ಅದರ ತಮ್ಮನಂಥ ಇನ್ನೊಂದು ಫೋನಿನಲ್ಲಿ ಬೆಳೆಸುತ್ತ, ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಗದಗಿನ ಬಸ್ಸಿಗಾಗಿ ಎಷ್ಟೋ ತಾಸು ಕಳೆದಿದ್ದೇನೆ. ಎರಡೂ ಲೆಕ್ಕಿಗನಿಗೆ ಒಪ್ಪುವ ಆಟಗಳು. ಖಾಲಿ ಜಾಗ ಕಂಡರೆ ತುಂಬಬೇಕು, ತನ್ನ ಬಾಲವನ್ನು ತಾನೇ ಕಡಿದುಕೊಳ್ಳಬಾರದು. ಇದನ್ನು ಕಂಡ ಅಕ್ಕನ ಮಗ, "ಮಾಮಾ, ಇಷ್ಟ ವರ್ಷ ನೀ ಒಂದ ಓಣ್ಯಾಗ ತಿರಗ್ಯಾಡಿ" ಎಂದು ಕನಿಕರಪಟ್ಟು, ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ನಾಲ್ಕು ಜಾತಿಯ ಆಟಗಳನ್ನು ಹಾಕಿಕೊಟ್ಟ. ಎಲ್ಲದಕ್ಕೂ "ಭಾಳ ಸರಳ ಐತಿ" ಎಂದ. ಸರಳವೆಂಬ ಮಾತನ್ನು ಆಗಲೇ ಬಲ್ಲವರು ಆಡಬಾರದೆಂದು ಒಂದು ಕಾಯಿದೆಯಾಗಬೇಕು.

ಬಂದೂಕಿನ ಆಟದಲ್ಲಿ ನಡೆಯುವುದು ಎಡಗೈಯ ಕೆಲಸ, ನೋಡುವುದು ಬಲಗೈಯ ಕೆಲಸ. ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಕೀಲಿಗಳ ಮೇಲೆ ಕಾಲು, ಮೌಸಿನಲ್ಲಿ ಕಣ್ಣು. ನಾನು ಇಡೀ ಯುದ್ಧವನ್ನು ಆಕಾಶ ನೋಡುತ್ತ ಮುಗಿಸಿ, ತಲೆ ಸುತ್ತಿ ಮಲಗಿದೆ. ಎರಡನೆಯ ಆಟವಾದ 2011ರ ಡಾರ್ಕ್ ಸೋಲ್ಸ್‌ನಲ್ಲಿ ಸತ್ತಾಗ ಗಳಿಕೆಯೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ, ಅದನ್ನು ಮರಳಿ ಪಡೆಯುವ ಮೊದಲೇ ಇನ್ನೊಮ್ಮೆ ಸತ್ತರೆ ಅಷ್ಟೂ ಹೋಯಿತು. ವಸೂಲಾಗದ ಸಾಲವೆಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಕೈಬಿಟ್ಟೆ.

ಮೂರನೆಯದು ಎರಿಕ್ ಬರೋನ್ ಎಂಬಾತ ಒಬ್ಬನೇ ಕುಳಿತು ರೂಪಿಸಿ 2016ರಲ್ಲಿ ಹೊರತಂದ ಸ್ಟಾರ್‌ಡ್ಯೂ ವ್ಯಾಲಿ, ಅಂದರೆ ಒಕ್ಕಲುತನದ ಆಟ. ಅದನ್ನು ತೆರೆದ ಹೊತ್ತಿಗೆ ರೋಣ ತಾಲ್ಲೂಕಿನ ನಮ್ಮ ಕಾಕಾ ಕಣ್ಣಿನ ಪೊರೆ ತೆಗೆಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು ನಮ್ಮ ಮನೆಯಲ್ಲೇ ಇದ್ದ. ವೈದ್ಯರು ಟೀವಿ ನೋಡಬೇಡಿ ಎಂದಿದ್ದರು. ಇದು ಟೀವಿಯಲ್ಲವಲ್ಲ ಎಂಬುದು ಕಾಕಾನ ವಾದ. ಆಟದೊಳಗಿನ ಊರಿನ ಹಿರಿಯ ನನಗೆ ಹದಿನೈದು ಪಾರ್ಸ್ನಿಪ್ ಬೀಜ ಕೊಟ್ಟ. ಅದು ಮೂಲಂಗಿಯಂಥ ಒಂದು ಗಡ್ಡೆ. ನೆಲ ಅಗೆಯತೊಡಗಿದೆ.

"ಎರಿ ಏನು, ಮಸಾರಿ ಏನು?" ಎಂದು ಕಾಕಾ ಮಣ್ಣಿನ ಜಾತಿ ಕೇಳಿದ. ಯಾವುದಾದರೂ ನಡೆಯುತ್ತದೆ ಎಂದೆ. ನಾಳೆಯ ಮಳೆಯನ್ನು ಆಟದೊಳಗಿನ ಟೀವಿ ಹಿಂದಿನ ದಿನವೇ ಹೇಳುತ್ತದೆ, ಹೇಳಿದಂತೆಯೇ ಬರುತ್ತದೆ ಎಂದಾಗ, ಆತ ಕನ್ನಡಕ ತೆಗೆದು ನನ್ನ ಮುಖ ನೋಡಿದ. ನಾಲ್ಕು ದಿನಕ್ಕೆ ಬೆಳೆ ಬಂತು. 20 ಹೊನ್ನಿನ ಬೀಜದಿಂದ ಬಂದ ಗಡ್ಡೆಗೆ 35 ಹೊನ್ನು. ಪೆಟ್ಟಿಗೆಯಲ್ಲಿ ಹಾಕಿ ಮಲಗಿದರೆ ಬೆಳಗಾಗುವಷ್ಟರಲ್ಲಿ ದುಡ್ಡು.

"ದಲಾಲಿ ಎಷ್ಟು ಮುರೀತಾರ?"

"ಇಲ್ಲ ಕಾಕಾ."

"ಹಮಾಲಿ?"

"ಅದೂ ಇಲ್ಲ."

"ಹೆಚ್ಚಿಗಿ ಬೆಳದ್ರ ರೇಟು ಬೀಳೂದಿಲ್ಲೇನು?"

"ಎಷ್ಟು ತಂದರೂ ಅದೇ ರೇಟು."

ಕಾಕಾ ತುಸು ಹೊತ್ತು ಸುಮ್ಮನಿದ್ದು, "ಹಂಗಿದ್ರ ನಡಿ, ನಾವೂ ಅಲ್ಲೇ ಹೋಗೂಣು" ಎಂದ. ಬೀಜಕ್ಕೆಂದು ನಾಲ್ಕು ಗಡ್ಡೆ ಎತ್ತಿಡಲು ಹೇಳಿದ. ಆಟದ ಆರಂಭದಲ್ಲಂತೂ ಗಡ್ಡೆಯಿಂದ ಬೀಜ ಬಾರದು, ಪ್ರತಿ ಸಲವೂ ಅಂಗಡಿಯಲ್ಲೇ ಕೊಳ್ಳಬೇಕು ಎಂದಾಗ ಮಾತ್ರ ಆತನ ಮುಖ ಅರಳಿತು: "ಇದೊಂದು ಖರೇ ಮಾಡ್ಯಾನ ನೋಡು."

ಅಲ್ಲಿನ ಒಂದೊಂದು ಹಂಗಾಮು 28 ದಿನದ್ದು. ವಸಂತದ ಇಪ್ಪತ್ತನೆಯ ದಿನ ನಾನು ಲಾಭದ ಆಸೆಗೆ ಇದ್ದ ದುಡ್ಡನ್ನೆಲ್ಲ ಹೂಕೋಸಿಗೆ ಸುರಿದೆ. ಹಂಗಾಮು ತಿರುಗುವ ಹೊತ್ತಿಗೆ ಬಿತ್ತಬೇಡ ಎಂದು, ಜನ್ಮದಲ್ಲಿ ಮೌಸ್ ಮುಟ್ಟದ ಕಾಕಾ ಗದರಿಸಿದ. ಇದು ಆಟ, ನಿನಗೆ ತಿಳಿಯುವುದಿಲ್ಲ ಎಂದು ನಾನು, ಅಕ್ಕನ ಮಗನ ದನಿಯಲ್ಲೇ, ಹೇಳಿದೆ. ಹೂಕೋಸಿಗೆ ಹನ್ನೆರಡು ದಿನ ಬೇಕು. ಬೇಸಗೆಯ ಮೊದಲ ಬೆಳಗ್ಗೆ ಇಡೀ ಹೊಲ ಒಣಗಿ ನಿಂತಿತ್ತು. ಕಾಕಾ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಊರಿಗೆ ಹೋದ. ಈಗಲೂ ಫೋನ್ ಮಾಡಿದಾಗ ನನ್ನ ಸಕ್ಕರೆ ಕಾಯಿಲೆಯನ್ನು ವಿಚಾರಿಸುವ ಮೊದಲು ಹೂಕೋಸನ್ನು ವಿಚಾರಿಸುತ್ತಾನೆ.

ಹೊಸ ಜಾತಿಯ ಆಟಗಳಿಗೆ ಕಾಲಿಡುವವರಿಗೆ ನಾಲ್ಕು ಮಾತು ಹೇಳಬೇಕೆಂದು ಇದನ್ನು ಬರೆಯಲು ಕುಳಿತೆ. ಆದರೆ ನಾಲ್ಕನೆಯ ಆಟ, ಆ ಜಿಗಿತದ ಆಟ, ಇನ್ನೂ ಕಂದಕದಲ್ಲೇ ಇದೆ. ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ, ಕೋಣೆಯ ಚಿಲಕ ಹಾಕಿ, ಸುಲಭ ಮಟ್ಟಕ್ಕೆ ಒಪ್ಪಿಗೆ ಒತ್ತಿದೆ. ಕಂದಕ ಮೊದಲಿನಷ್ಟೇ ಅಗಲವಾಗಿತ್ತು; ಬಿದ್ದರೆ ದಂಡವಿಲ್ಲ, ಅದೇ ಅಂಚಿನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುತ್ತಾರೆ, ಅಷ್ಟೆ. ಮೂವತ್ತು ವರ್ಷ ಪ್ರತಿಯೊಂದು ಸಂಘದ ಪುಸ್ತಕದಲ್ಲೂ ಸಾಲ ಮನ್ನಾದ ಕೆಳಗೆ ಕೆಂಪು ಗೆರೆ ಎಳೆದ ನಾನು ರಾತ್ರಿ ಎರಡರವರೆಗೆ ಮನ್ನಾದ ಮೇಲೆ ಮನ್ನಾ ಪಡೆಯುತ್ತ ಬಿದ್ದೆ.