ನಂದಿಗೆ ಬೆನ್ನು ಹಾಕಿದ ಕಾರು

ನನ್ನ ಬಳಿ 2001ರ ಮಾದರಿಯ ಒಂದು ಡೀಸೆಲ್ ಕಾರಿದೆ. ಅದನ್ನು ತಯಾರಿಸಿದ ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಮನೆ ಬಿಟ್ಟು ಇಪ್ಪತ್ತು ವರ್ಷ ದಾಟಿದ ಮಗನ ನಡತೆಗೆ ಹೆತ್ತವರನ್ನು ದೂರುವುದು ನ್ಯಾಯವಲ್ಲ. ಕೋಲಾರದವರೊಬ್ಬರಿಂದ ಕೊಂಡದ್ದರಿಂದ ಅದರ ನಂಬರ್ ಪ್ಲೇಟಿನಲ್ಲಿ ಕೆಎ-07 ಎಂದೇ ಇದೆ. 2007ರಲ್ಲಿ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆಯಾಗಿ ತನ್ನದೇ ಜಿಲ್ಲೆಯಾದ ಸಂಗತಿಯನ್ನು ನನ್ನ ಕಾರು ಇನ್ನೂ ಒಪ್ಪಿಕೊಂಡಿಲ್ಲ. ಮೊದಲ 15 ವರ್ಷದ ಆಯುಷ್ಯ ಮುಗಿದ ಮೇಲೆ 5 ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಿಕೊಳ್ಳುತ್ತ ಬಂದಿರುವ ಈ ಹಿರಿಯ ಜೀವ ಮಾರ್ಗಶಿರದ ಒಂದು ಬೆಳಿಗ್ಗೆ ಏಳಲೊಲ್ಲೆನೆಂದು ಹಠ ಹಿಡಿಯಿತು.

ಮಾರ್ಗಶಿರದಲ್ಲಿ ನಮ್ಮೂರಿನ ಬೆಳಗು ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 1478 ಮೀಟರ್ ಎತ್ತರದ ನಂದಿಬೆಟ್ಟ ಇಬ್ಬನಿಯ ಕಂಬಳಿ ಹೊದ್ದು ಕಾಣದಾಗಿರುತ್ತದೆ, ಮಫ್ಲರ್ ಸುತ್ತಿದ ತಲೆಗಳು ಮಾತ್ರ ಬೀದಿಯಲ್ಲಿ ಓಡಾಡುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ನಾನು ಕೀ ತಿರುಗಿಸಿ, ಡ್ಯಾಶ್‌ಬೋರ್ಡಿನಲ್ಲಿ ಸ್ಪ್ರಿಂಗಿನ ಚಿತ್ರದಂತಿರುವ ಹಳದಿ ದೀಪ ಆರುವವರೆಗೆ ಶಾಸ್ತ್ರೋಕ್ತವಾಗಿ ಕಾದು, ಸೆಲ್ಫ್ ಹೊಡೆದೆ. ಘರ್ರ್ ಘರ್ರ್ ಎಂದು ಇಂಜಿನ್ ಸುತ್ತಿತೇ ಹೊರತು ಜಪ್ಪಯ್ಯ ಎಂದರೂ ಹತ್ತಿಕೊಳ್ಳಲಿಲ್ಲ. ಆರನೆಯ ಪ್ರಯತ್ನಕ್ಕೆ ಎದುರುಮನೆಯ ಕಿಟಕಿ ತೆರೆಯಿತು, ಎಂಟನೆಯದಕ್ಕೆ ಇಡೀ ಬೀದಿ ನೆರೆಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ತಿಳಿಸಬೇಕು. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಗಾಳಿಯನ್ನು ಅದುಮಿದಾಗ ಹುಟ್ಟುವ ಬಿಸಿಯಲ್ಲೇ ಎಣ್ಣೆ ಹೊತ್ತಿಕೊಳ್ಳುತ್ತದೆ ಎಂದು ಸೈಕಲ್ ಪಂಪಿನ ತಳವನ್ನು ಮುಟ್ಟಿಸಿ ಮಕ್ಕಳಿಗೆ ತೋರಿಸುವವನು ನಾನೇ. ಪೆಟ್ರೋಲ್ ಕಾರು ಗಾಳಿಯನ್ನು ಸುಮಾರು ಹತ್ತನೆಯ ಒಂದು ಪಾಲಿಗೆ ಒತ್ತಿದರೆ ನನ್ನ ಕಾರಿನಂಥ ಹಳೆಯ ಡೀಸೆಲ್ ಇಂಜಿನ್ ಇಪ್ಪತ್ತೆರಡನೆಯ ಒಂದು ಪಾಲಿಗೆ ಒತ್ತುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಮಹಾನುಭಾವ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಈ ತತ್ತ್ವದ ಇಂಜಿನ್ನನ್ನು ಯಶಸ್ವಿಯಾಗಿ ಓಡಿಸಿ ತೋರಿಸಿದನೆಂದು ಕಪ್ಪು ಹಲಗೆಯ ಮೇಲೆ ಬರೆದದ್ದೂ ನಾನೇ. ಚಳಿಯಲ್ಲಿ ತಣ್ಣಗಾದ ಕಬ್ಬಿಣವು ಆ ಬಿಸಿಯನ್ನು ಹೀರಿಕೊಳ್ಳುವುದರಿಂದ ಒಳಗೆ ಕೆಂಪಗೆ ಕಾಯುವ ಹೀಟರ್ ಪ್ಲಗ್‌ಗಳು ಬೇಕಾಗುತ್ತವೆ. ಇಷ್ಟೆಲ್ಲ ತಿಳಿದಿದ್ದೂ ನನ್ನ ಬಾಯಿಂದ ಮೊದಲು ಹೊರಟ ಮಾತು "ಬ್ಯಾಟರಿ ಹೋಗಿರಬೇಕು" ಎಂಬುದಾಗಿತ್ತು, ಏಕೆಂದರೆ ಕಾರು ನಿಂತಾಗ ಗಂಡಸಾದವನು ಹೇಳುವ ಮೊದಲ ಮಾತು ಅದೇ.

ಆ ದಿನ ತಳ್ಳುವುದೇ ಗತಿಯಾಯಿತು. ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟಿದ್ದ ಇಬ್ಬರು ರೈತರು ಚೀಲಗಳನ್ನು ಜಗಲಿಯ ಮೇಲಿಟ್ಟು ಕೈ ಹಚ್ಚಿದರು, ಹಾಲಿನವನೂ ಬಂದ, ಒಟ್ಟು ಆರು ಜನರಾದರು. ಕಾರಿನ ಮುಖ ಏರಿನತ್ತ ಇದ್ದುದರಿಂದ ಮೊದಲು ಅದನ್ನು ತಿರುಗಿಸಿ, ಆಮೇಲೆ ಇಳಿಜಾರಿನಲ್ಲಿ ತಳ್ಳಿದರು. ನಾನು ಎರಡನೆಯ ಗೇರಿನಲ್ಲಿಟ್ಟು ಕ್ಲಚ್ ಬಿಟ್ಟೆ. ಕಾರು ಮುಗ್ಗರಿಸಿ ನಿಂತಿತು. ಮತ್ತೆ ತಳ್ಳಿದರು, ಮತ್ತೆ ಮುಗ್ಗರಿಸಿತು. ಹೀಗೆಯೇ ಬೀದಿಯ ಕೊನೆಯ ಬೀಡಾ ಅಂಗಡಿಯವರೆಗೆ ಸಾಗಿದ ಮೇಲೆ ಹಾಲಿನವನು ಏದುಸಿರು ಬಿಡುತ್ತ ಕಿಟಕಿಯೊಳಗೆ ಇಣುಕಿ, "ಮೇಷ್ಟ್ರೇ, ಕೀ ಆನ್ ಮಾಡಿದ್ದೀರಾ?" ಎಂದು ಕೇಳಿದ. ಮಾಡಿರಲಿಲ್ಲ. ಕೀ ಆಫ್ ಆಗಿದ್ದರೆ ಇಂಜೆಕ್ಷನ್ ಪಂಪಿನ ಮೇಲಿರುವ ಸೊಲೆನಾಯ್ಡ್ ಡೀಸೆಲ್ಲಿನ ದಾರಿಯನ್ನೇ ಮುಚ್ಚಿಬಿಡುತ್ತದೆ, ಬೀಡಾ ಅಂಗಡಿ ಹಾಗಿರಲಿ, ಬಾಗೇಪಲ್ಲಿಯವರೆಗೆ ತಳ್ಳಿದರೂ ಸ್ಟಾರ್ಟ್ ಆಗುವುದಿಲ್ಲ. ಕೀ ಆನ್ ಮಾಡಿ ಇನ್ನೊಮ್ಮೆ ತಳ್ಳಿಸಿದಾಗ ಹತ್ತಿಕೊಂಡಿತು. ರೈತರು ನನ್ನತ್ತ ಬೀರಿದ ನೋಟವನ್ನು ಬಣ್ಣಿಸಲು ನನ್ನ ಕನ್ನಡ ಸಾಲದು.

ಸಂಜೆಯೇ ಮೇಲಿನ ರಸ್ತೆಯ ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಅರ್ಧ ಸುತ್ತಿಗೇ ಸ್ಟಾರ್ಟ್ ಆಯಿತು. ನಾನು ಬೀದಿಗೆಲ್ಲ ಡಂಗುರ ಸಾರಿದೆ. ಅದರ ಮರುದಿನ ಮತ್ತೆ ಘರ್ರ್ ಘರ್ರ್. ಶಾಲೆಯ ಪ್ರಯೋಗಾಲಯದಿಂದ ಮೀಟರ್ ತಂದು ಅಳೆದರೆ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಹಳೆಯದೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸಿತ್ತೆಂದು ಅಂಗಡಿಯವನು ಹೇಳಿದ್ದನ್ನು ನಾನು ಹೆಂಡತಿಯಿಂದ ಮುಚ್ಚಿಟ್ಟಿದ್ದೆ.

ಮುಂದಿನ ಆರೋಪಿ ಹೀಟರ್ ಪ್ಲಗ್. ನಾಲ್ಕನ್ನೂ ಬಿಚ್ಚಿ ಒಂದೊಂದಾಗಿ ಬ್ಯಾಟರಿಗೆ ಮುಟ್ಟಿಸಿದಾಗ ಮೂರು ತುದಿಗಳು ಕೆಂಡದಂತಾದವು, ಒಂದು ಮಾತ್ರ ಕಪ್ಪಗೇ ಉಳಿಯಿತು. ಅಪರಾಧಿ ಸಿಕ್ಕಿಬಿದ್ದನೆಂದು ಹಿಗ್ಗಿ ನಾಲ್ಕನ್ನೂ ಹೊಸದಾಗಿ ಹಾಕಿಸಿದೆ. ಆ ಕೆಲಸವೂ ಮೇಲಿನ ರಸ್ತೆಯಲ್ಲೇ ಆಯಿತು, ಮರುದಿನ ಬೆಳಿಗ್ಗೆಯೂ ಕಾರು ಒಂದೇ ಮಾತಿಗೆ ಎದ್ದಿತು. ಮೂರನೆಯ ದಿನ ಮತ್ತೆ ನಂದಿಯ ವಿಗ್ರಹದಂತೆ ಕುಳಿತುಬಿಟ್ಟಿತು.

ಆ ಹೊತ್ತಿಗೆ ಸಲಹೆಗಳು ಸಾಲುಗಟ್ಟಿದ್ದವು. ಬೆಂಗಳೂರಿನಲ್ಲಿರುವ ಬಾಮೈದ ಫೋನಿನಲ್ಲಿ "ಮಾರಿಬಿಡಿ ಭಾವ" ಎಂದ. ಕೊಳ್ಳುವವರು ಯಾರೆಂದು ಕೇಳಿದರೆ ಫೋನ್ ಇಟ್ಟ. ಹುಡುಗನೊಬ್ಬ ಈಥರ್ ಇರುವ ಸ್ಪ್ರೇ ಡಬ್ಬಿಯನ್ನು ತಂದು ಗಾಳಿ ಒಳಹೋಗುವ ಕೊಳವೆಗೆ ಹೊಡೆಯಲು ಮುಂದಾದಾಗ, ಪಕ್ಕದ ಮನೆಯ ನಿವೃತ್ತ ಬಸ್ ಚಾಲಕರು ಅವನ ಕೈಹಿಡಿದು ತಡೆದರು. ಹೀಟರ್ ಪ್ಲಗ್ ಕಾದಿರುವಾಗ ಈಥರ್ ಒಳಹೋದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನನ್ನೇ ಮುರಿಯಬಹುದು. ಅವರು ನನ್ನತ್ತ ತಿರುಗಿ, "ಮೇಷ್ಟ್ರೇ, ಸೆಲ್ಫ್ ಹೊಡೆಯುವಾಗ ಹಿಂದುಗಡೆ ಹೊಗೆ ನೋಡಿದ್ದೀರಾ?" ಎಂದರು. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಬಿಸಿ ಸಾಲದು. ಹೊಗೆಯೇ ಬಾರದಿದ್ದರೆ ಡೀಸೆಲ್ಲೇ ಹೋಗುತ್ತಿಲ್ಲ. ಒಂದೂವರೆ ವಾರ, ಒಂದು ಬ್ಯಾಟರಿ ಮತ್ತು ನಾಲ್ಕು ಪ್ಲಗ್‌ಗಳ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಇದರಲ್ಲಿ ಇನ್ನೂ ನೋವಿನ ಸಂಗತಿಯೆಂದರೆ, ಮೊದಲ ದಿನವೇ ನನ್ನ ಹೆಂಡತಿ ಕಾರಿನ ಹಿಂದೆ ನಿಂತು "ರೀ, ಏನೂ ಬರ್ತಾ ಇಲ್ಲ" ಎಂದು ಮೂರು ಸಲ ಕೂಗಿದ್ದಳು. ಅದು ಒಟ್ಟಾರೆ ನನ್ನ ಬಗ್ಗೆ ಆಡಿದ ಮಾತೆಂದು ತಿಳಿದು ನಾನು ಉತ್ತರ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದ ಅಮ್ಮ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. "ನಾನು ದಿನಾ ನೋಡ್ತಾ ಇದೀನಿ ಕಣೋ. ನಂದಿಬೆಟ್ಟಕ್ಕೆ ಮುಖ ಮಾಡಿ ನಿಲ್ಲಿಸಿದ ದಿನ ಗಾಡಿ ಎದ್ದು ಹೋಗತ್ತೆ. ಬೆನ್ನು ಹಾಕಿ ನಿಲ್ಲಿಸಿದ ದಿನ ಏಳಲ್ಲ. ಭೋಗನಂದೀಶ್ವರನಿಗೆ ಹಂಗೆಲ್ಲ ಬೆನ್ನು ತೋರಿಸಬಾರದು." ನಾನು ನಕ್ಕೆ. ವೈಜ್ಞಾನಿಕ ಮನೋಭಾವದ ಮೇಲೆ ಒಂದು ಸಣ್ಣ ಉಪನ್ಯಾಸವನ್ನೂ ಕೊಟ್ಟೆ. ಅಮ್ಮ ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

ಕೊನೆಗೆ ಬಂದ ಮೆಕ್ಯಾನಿಕ್ ಭಾಯ್ ಬಾನೆಟ್ ಎತ್ತುವ ಮೊದಲು ಬೀದಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು. "ಸಾರ್, ಏರಿಗೆ ಮುಖ ಮಾಡಿ ನಿಲ್ಲಿಸಿದಾಗ ಮಾತ್ರ ಹಿಂಗಾಗತ್ತಾ?" ಎಂದು ಕೇಳಿದರು. ಒಳಗಿನಿಂದ ಅಮ್ಮ "ಹೂಂ" ಎಂದರು.

ಆಮೇಲೆ ಅವರು ಮಾಡಿದ ಕೆಲಸವನ್ನು ನಾನು ಬಗ್ಗಿ ನಿಂತು ನೋಡಿದೆ. ಎದುರು ಕಟ್ಟುತ್ತಿದ್ದ ಮನೆಯ ಗಾರೆ ಮೇಸ್ತ್ರಿಯ ಬಳಿ ಹೋಗಿ, ಮಟ್ಟ ನೋಡಲು ನೀರು ತುಂಬಿ ಬಳಸುವ ಪಾರದರ್ಶಕ ಲೆವೆಲ್ ಪೈಪಿನಿಂದ ಒಂದು ಅಡಿ ಕತ್ತರಿಸಿಕೊಂಡು ಬಂದರು. ಡೀಸೆಲ್ ಫಿಲ್ಟರಿನಿಂದ ಪಂಪಿಗೆ ಹೋಗುವ ಕಪ್ಪು ರಬ್ಬರ್ ಪೈಪನ್ನು ಕಳಚಿ ಅದರ ಜಾಗಕ್ಕೆ ಇದನ್ನು ಸಿಕ್ಕಿಸಿದರು. ಫಿಲ್ಟರಿನ ತಲೆಯ ಮೇಲಿನ ಹ್ಯಾಂಡ್ ಪಂಪನ್ನು ಹೆಬ್ಬೆರಳಿನಿಂದ ಮೂವತ್ತು ನಲವತ್ತು ಸಲ ಒತ್ತಿದ ಮೇಲೆ, ತಿಳಿಯಾದ ಚಹಾ ಬಣ್ಣದ ಡೀಸೆಲ್ ಪೈಪಿನಲ್ಲಿ ಏರಿ ಬಂತು, ಅದರ ಜೊತೆಗೆ ಗೋಲಿಸೋಡಾದಲ್ಲಿ ಏಳುವಂತೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೆ ಒಂದು ಓಡಿದವು. "ಏರ್ ಹಿಡಿದಿದೆ ಸಾರ್" ಎಂದು ಭಾಯ್, ಮಗುವಿನ ನಾಡಿ ಹಿಡಿದ ವೈದ್ಯರ ದನಿಯಲ್ಲಿ ಹೇಳಿದರು.

ಟ್ಯಾಂಕಿನಿಂದ ಫಿಲ್ಟರಿಗೆ ಬರುವ ಪೈಪಿನ ತುದಿಯಲ್ಲಿ, ಕ್ಲಿಪ್ಪಿನ ಕೆಳಗೆ, ಉಗುರಿನಿಂದ ಗೀರಿದಂಥ ಒಂದು ಬಿರುಕಿತ್ತು. ಇಂಥ ಇಂಜಿನ್ನಿನಲ್ಲಿ ಪಂಪ್ ತಾನೇ ಟ್ಯಾಂಕಿನಿಂದ ಡೀಸೆಲ್ಲನ್ನು ಹೀರಿಕೊಳ್ಳುವುದರಿಂದ ಬಿರುಕಿನಲ್ಲಿ ಎಣ್ಣೆ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಸೋರುತ್ತದೆ. ಆದ್ದರಿಂದ ನೆಲದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ, ಯಾರಿಗೂ ಅನುಮಾನವೂ ಇಲ್ಲ. ಟ್ಯಾಂಕ್ ಇರುವುದು ಕಾರಿನ ಹಿಂಭಾಗದಲ್ಲಿ. ಮುಖ ಏರಿನತ್ತ ಇದ್ದರೆ ರಾತ್ರಿಯಿಡೀ ಪೈಪಿನೊಳಗಿನ ಡೀಸೆಲ್ ಸದ್ದಿಲ್ಲದೆ ಟ್ಯಾಂಕಿಗೆ ಮರಳುತ್ತದೆ. ಮುಖ ಇಳಿಜಾರಿನತ್ತ ಇದ್ದರೆ ಎಣ್ಣೆ ಇದ್ದಲ್ಲೇ ಇರುತ್ತದೆ. ನಮ್ಮ ಬೀದಿ ಇಳಿಯುವುದು ನಂದಿಬೆಟ್ಟದ ಕಡೆಗೆ. ಬ್ಯಾಟರಿಗಾಗಿ, ಪ್ಲಗ್ಗಿಗಾಗಿ ಮೇಲಿನ ರಸ್ತೆಗೆ ಹೋದ ದಿನಗಳಲ್ಲಿ ನಾನು ಮೇಲಿನಿಂದ ಬಂದು ಬೆಟ್ಟಕ್ಕೆ ಮುಖ ಮಾಡಿ ನಿಲ್ಲಿಸಿದ್ದೆ, ಉಳಿದ ದಿನ ಶಾಲೆಯಿಂದ ಕೆಳಗಿನ ದಾರಿಯಲ್ಲಿ ಬಂದು ಬೆನ್ನು ಹಾಕಿದ್ದೆ. ಅಂದರೆ ನನ್ನ ಎರಡು ವಿಜಯೋತ್ಸವಗಳೂ ಭೂಮಿಯ ಗುರುತ್ವಾಕರ್ಷಣೆಗೆ ಸಲ್ಲಬೇಕಾಗಿದ್ದವು.

ಹೊಸ ರಬ್ಬರ್ ಪೈಪಿಗೆ 60 ರೂಪಾಯಿಯಾಯಿತು. ಭಾಯ್ ತಮ್ಮ ಕೂಲಿ ಹೇಳುವಾಗ ಸಂಕೋಚಪಟ್ಟರು. ಅಷ್ಟರ ಮಟ್ಟಿಗೆ ನನ್ನ ಮುಖ ಕರುಣಾಜನಕವಾಗಿದ್ದಿರಬೇಕು. ಒಳಗೆ ಹೋಗಿ ಅಮ್ಮನಿಗೆ ಟ್ಯಾಂಕು, ಇಳಿಜಾರು, ಗಾಳಿಯ ಒತ್ತಡ ಎಲ್ಲವನ್ನೂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಅವರು ಪೂರ್ತಿ ಕೇಳಿ, "ನಾನೂ ಅದನ್ನೇ ಅಲ್ವೇನೋ ಹೇಳಿದ್ದು?" ಎಂದರು.

ಈಗ ಕಾರು ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಏಳುತ್ತದೆ. ಎದುರುಮನೆಯ ಮೇಸ್ತ್ರಿ ಮಾತ್ರ ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಅವರ ಲೆವೆಲ್ ಪೈಪು ಒಂದು ಅಡಿ ಕಡಿಮೆಯಾಗಿ ಕಾಂಪೌಂಡಿನ ಮೂಲೆಗೆ ಎಟಕುತ್ತಿಲ್ಲವಂತೆ. ಆ ತುಂಡನ್ನು ತೊಳೆದು ಕೊಡಲು ಹೋದೆ. ಮೂಸಿ ನೋಡಿ, ನೀವೇ ಇಟ್ಟುಕೊಳ್ಳಿ ಎಂದು ವಾಪಸು ಕೊಟ್ಟರು.