ದಾವಣಗೆರೆ ಎಂದು ಹುಡುಕಿದರೆ ಸಿಗದ ದಾವಣಗೆರೆ

ಕೆಲವು ದಿನಗಳ ಹಿಂದೆ, ನಾನು ಗ್ರಂಥಪಾಲಕನಾಗಿರುವ ದಾವಣಗೆರೆಯ ಕಾಲೇಜಿನಲ್ಲಿ ಇತಿಹಾಸ ಎಂ.ಎ. ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದು ನನ್ನ ಮೇಜಿನ ಬಳಿ ಬಂದಳು. ಚನ್ನಗಿರಿ ಕಡೆಯ ಹುಡುಗಿ. ತನ್ನೂರಿನ ಸುತ್ತಲಿನ ಕೆರೆಗಳ ಮೇಲೆ ಕಿರುಪ್ರಬಂಧ ಬರೆಯಬೇಕಿತ್ತು. "ಸರ್, ದಾವಣಗೆರೆ ಜಿಲ್ಲೆ ಶಾಸನಗಳು ಅಂತ ಹೊಡೆದು ಹೊಡೆದು ಸಾಕಾತು, ಹಳೇದು ಏನೂ ಸಿಗವಲ್ದು. ವಿಷಯ ಬದಲಾಯಿಸ್ಲಾ?" ಎಂದಳು.

ಅವಳ ಶ್ರಮದಲ್ಲಿ ಕೊರತೆಯಿರಲಿಲ್ಲ. ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಅದಕ್ಕೂ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು. ಬಳ್ಳಾರಿಯಿಂದ ಬಂದ ಹರಪನಹಳ್ಳಿ ಮುಂದೆ ಬಳ್ಳಾರಿಗೇ ಮರಳಿ, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಬಿ.ಎಲ್. ರೈಸ್ ಅವರು ನೂರಿಪ್ಪತ್ತು ವರ್ಷಗಳ ಹಿಂದೆ ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹೊರತಂದಾಗ ಚನ್ನಗಿರಿಯ ಶಾಸನಗಳು ಶಿವಮೊಗ್ಗದ ಏಳನೆಯ ಸಂಪುಟಕ್ಕೂ, ದಾವಣಗೆರೆಯವು ಚಿತ್ರದುರ್ಗದ ಹನ್ನೊಂದನೆಯ ಸಂಪುಟಕ್ಕೂ ಸೇರಿದವು. ಚಿತ್ರದುರ್ಗವನ್ನಂತೂ ಆಗ ಇಂಗ್ಲಿಷಿನಲ್ಲಿ 'ಚಿತಲ್‌ದ್ರೂಗ್' ಎಂದು ಬರೆಯುತ್ತಿದ್ದರು. ಕೆರೆಗಳ ಹೆಸರೂ ಹಾಗೆಯೇ: ಇವಳು ಶಾಂತಿಸಾಗರ ಎಂದು ಹುಡುಕಿದ್ದು ಹಳೆಯ ದಾಖಲೆಗಳಲ್ಲಿ ಸೂಳೆಕೆರೆ.

ಕಪಾಟಿನಿಂದ ಏಳನೆಯ ಸಂಪುಟ ತೆಗೆದು ಚನ್ನಗಿರಿ ತಾಲ್ಲೂಕಿನ ಭಾಗ ತೆರೆದುಕೊಟ್ಟೆ. ಅವಳು ಬೆರಳಿಟ್ಟುಕೊಂಡು ಊರುಗಳ ಹೆಸರು ಓದುತ್ತಾ ಹೋಗಿ ಒಂದು ಕಡೆ ನಿಂತಳು. "ಇದು ನಮ್ಮ ಅಜ್ಜಿ ಊರು ಸರ್" ಎಂದಳು. ಅಲ್ಲಿಂದ ಸಂಜೆಯವರೆಗೆ ಮೇಲೆ ಏಳಲಿಲ್ಲ.

ಸರ್ಚ್ ಎಂಜಿನ್ ಮೇಲೆ ನನಗೆ ದ್ವೇಷವಿಲ್ಲ. ಪ್ರಬಂಧವೊಂದನ್ನು ನೋಡಲು ಧಾರವಾಡಕ್ಕೋ ಮೈಸೂರಿಗೋ ರಾತ್ರಿ ಬಸ್ಸು ಹತ್ತುತ್ತಿದ್ದವರನ್ನು ಕಂಡವನು ನಾನು. ಇಂದು ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಿಂದ ಅಂಥ ಎಷ್ಟೋ ಪ್ರಬಂಧಗಳನ್ನು ಜಗಳೂರಿನ ಹಳ್ಳಿಯಲ್ಲಿ ಕೂತೇ ಓದಬಹುದು. ಒಂದು ಪುಟಕ್ಕೆ ಎಷ್ಟು ಪುಟಗಳು, ಎಂಥ ಪುಟಗಳು ಕೊಂಡಿ ಹಾಕಿವೆ ಎಂದು ನೋಡಿ ಅದರ ತೂಕ ಅಳೆಯುವುದು 1998ರಲ್ಲಿ ಹುಟ್ಟಿದ ಗೂಗಲ್‌ನ ಮೂಲ ವಿಧಾನ. ವಿದ್ವತ್ ಲೇಖನಗಳನ್ನು ಉಲ್ಲೇಖಗಳಿಂದ ಅಳೆಯುವ ಹಳೆಯ ಕ್ರಮವೇ ಅದಕ್ಕೆ ಪ್ರೇರಣೆ. ಆದರೆ ಹತ್ತು ಜನ ಮಾತ್ರ ಓದುವ ಶಾಸನದ ಪುಟಕ್ಕೆ ಕೊಂಡಿ ಹಾಕುವವರು ಯಾರು? ಹೀಗಾಗಿ ಕೆರೆಯ ಹೆಸರು ಹಾಕಿದರೆ ಮೊದಲು ಬರುವುದು ಪ್ರವಾಸದ ಪುಟಗಳು. ಅಲ್ಲಿ ಕಾಣದ್ದು ಲೋಕದಲ್ಲೇ ಇಲ್ಲವೆಂದು ಮಕ್ಕಳು ನಂಬಿಬಿಡುವುದು, ನಂಬಿ ಒಳ್ಳೆಯ ವಿಷಯಗಳನ್ನು ಕೈಬಿಡುವುದು ನನಗೆ ಸಂಕಟ ತರುತ್ತದೆ.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ, ಅದು ನಮ್ಮದೇ ಕೈಯಿಂದ ಆದದ್ದು. ನಮ್ಮ ಎಷ್ಟೋ ಪಿಎಚ್.ಡಿ. ಪ್ರಬಂಧಗಳು ಟೈಪ್ ಆಗಿರುವುದು ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯೂನಿಕೋಡ್‌ನಲ್ಲಲ್ಲ, 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಕಣ್ಣಿಗೆ ಅಚ್ಚ ಕನ್ನಡ. ಒಂದು ಸಾಲು ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸರ್ಚ್ ಎಂಜಿನ್ ಓದುವುದು ಆ ರಾಶಿಯನ್ನೇ. ಐದಾರು ವರ್ಷ ಊರೂರು ಅಲೆದು ಬರೆದ ಪ್ರಬಂಧ ಅಂತರ್ಜಾಲದಲ್ಲಿ ಇದ್ದೂ, ಅದರೊಳಗಿನ ಒಂದು ಊರಿನ ಹೆಸರೂ ಹುಡುಕಾಟಕ್ಕೆ ಸಿಗುವುದಿಲ್ಲ. ಬರೀ ಸ್ಕ್ಯಾನ್ ಮಾಡಿ ಹಾಕಿದ ಪುಸ್ತಕಗಳದ್ದೂ ಇದೇ ಪಾಡು.

ಗ್ರಂಥಾಲಯಕ್ಕೆ ಹೊಸ ಕಂಪ್ಯೂಟರ್ ಬಂದ ಮಾತ್ರಕ್ಕೆ ಇದು ನೀಗುವುದಿಲ್ಲ. ಸಂಶೋಧನಾ ವಿಧಾನದ ತರಗತಿಯಲ್ಲಿ ಎರಡು ಗಂಟೆಯನ್ನಾದರೂ ಕಪಾಟುಗಳ ನಡುವೆ ಕಳೆಯಬೇಕೆಂದು ನಾನು ಅಧ್ಯಾಪಕ ಮಿತ್ರರನ್ನು ಕೇಳುತ್ತಲೇ ಇದ್ದೇನೆ. ಈಗ ಕಂಪ್ಯೂಟರ್ ಪಕ್ಕದಲ್ಲೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ತಾಲ್ಲೂಕಿನ ಹಳೆಯ ಜಿಲ್ಲೆ, ಇಂಗ್ಲಿಷಿನ ಹಳೆಯ ಕಾಗುಣಿತ, ಕೆರೆ–ಊರುಗಳ ಹಿಂದಿನ ಹೆಸರು ಅದರಲ್ಲಿ ಸೇರುತ್ತಿವೆ. ಮೊದಲ ಪುಟವನ್ನು ಆ ಹುಡುಗಿಯೇ ತುಂಬಿಸಿದ್ದಾಳೆ. ದಾವಣಗೆರೆ, ಚಿತ್ರದುರ್ಗದ ವಿಷಯಗಳ ಮೇಲೆ ಪ್ರಬಂಧ ಮುಗಿಸಿದವರು ಇದನ್ನು ಓದುತ್ತಿದ್ದರೆ, ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿ ನಿಮ್ಮ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ತಿದ್ದಬೇಕಾಗುತ್ತದೆ.