ಎರಡು ಮೇಣದಬತ್ತಿಯ ಲೆಕ್ಕ

ಸಂಜೆ ಮೇಜಿನ ಮೇಲೆ ಮೇಣದಬತ್ತಿ ಎರಡು, ಉರಿಯುವುದು ಒಂದೇ. ಎಲಿಜಬೆತ್ ಗ್ಯಾಸ್ಕೆಲ್ ಬರೆದ ‘ಕ್ರ್ಯಾನ್‌ಫರ್ಡ್’ ಕಾದಂಬರಿಯಲ್ಲಿ ಮಿಸ್ ಮ್ಯಾಟಿಯ ಮನೆಯ ಪದ್ಧತಿ ಇದು. ಯಾರಾದರೂ ಬಂದರೆ ಎರಡನೆಯದನ್ನೂ ಹಚ್ಚಿ, ದಿನಾ ಎರಡು ಉರಿಸುವವರ ಹಾಗೆ ಕೂರಬೇಕು. ಅದಕ್ಕೆ ಎರಡೂ ಒಂದೇ ಎತ್ತರ ಇರಬೇಕಲ್ಲ! ಆದ್ದರಿಂದ ಸ್ವಲ್ಪ ಹೊತ್ತು ಇದು, ಸ್ವಲ್ಪ ಹೊತ್ತು ಅದು. ಮಾತಿನಲ್ಲಿ ಮೈಮರೆತರೆ ಕೆಟ್ಟಿತು: ಒಂದು ತೀರಾ ಮೋಟಾದರೆ, ಆ ಸಂಜೆಯೊಳಗೆ ಇನ್ನೊಂದು ಅದರ ಸಮಕ್ಕೆ ಇಳಿಯುವುದಿಲ್ಲ. ಹಾಗಾಗಿ ಏನೇ ಮಾತು ನಡೆದಿರಲಿ, ಮ್ಯಾಟಿಯ ಕಣ್ಣು ಬತ್ತಿಯ ಮೇಲೆಯೇ. ಇಷ್ಟೆಲ್ಲ ಯಾರಿಗಾಗಿಯೋ ಅವರು ಮಾತ್ರ ಬರುವುದೇ ಇಲ್ಲ.

ಕಾದಂಬರಿಯಲ್ಲಿ ಕಥೆ ಹೇಳುವವಳಿಗೆ ದಾರದ ಹುಚ್ಚು. ಪೊಟ್ಟಣದ ಗಂಟು ಬಿಚ್ಚದೆ ಕತ್ತರಿಸುವವರನ್ನು ಕಂಡರೆ ಅವಳಿಗೆ ಸಂಕಟ. ನೆಲದಿಂದ ಹೆಕ್ಕಿದ ಒಂದು ರಬ್ಬರ್ ಉಂಗುರವನ್ನು ಸುಮಾರು ಆರು ವರ್ಷ ಕಾಪಾಡಿದ್ದಾಳೆ. ಬಳಸುವುದಕ್ಕೆ ಮನಸ್ಸು ಬಂದಿಲ್ಲ. ಅವಳಿಗೆ ಗೊತ್ತಿದ್ದ ಮುದುಕರೊಬ್ಬರು ಬ್ಯಾಂಕ್ ಮುಳುಗಿ ಹಣ ಹೋದದ್ದನ್ನು ತಣ್ಣಗೆ ಸಹಿಸಿಕೊಂಡರು. ಆದರೆ ಕೆಲಸಕ್ಕೆ ಬಾರದ ಆ ಬ್ಯಾಂಕ್ ಪುಸ್ತಕದ ಬರೆದ ಹಾಳೆಗಳನ್ನು ಮನೆಯವರೊಬ್ಬರು ಕತ್ತರಿಸದೆ ಹರಿದರೆಂದು ದಿನವಿಡೀ ಗೊಣಗಿದರು. ಗೊಣಗಾಟಕ್ಕೆ ಅರ್ಥವಿತ್ತು. ಹೊಲಿದ ಪುಸ್ತಕದಲ್ಲಿ ಒಂದೇ ಕಾಗದ ಮಡಿಚಿ ಎರಡು ಹಾಳೆಯಾಗಿರುತ್ತದೆ; ಈ ತುದಿಯದನ್ನು ಕಿತ್ತರೆ ಆ ತುದಿಯ ಖಾಲಿ ಹಾಳೆಯೂ ಕಳಚಿಬರುತ್ತದೆ. ಇಂಥದ್ದು ಊಹಿಸಿ ಬರೆಯುವ ಮಾತಲ್ಲ, ಮನೆಯಲ್ಲಿ ಕಂಡವರು ಬರೆಯುವ ಮಾತು.

ಗ್ಯಾಸ್ಕೆಲ್ ಹುಟ್ಟಿದ್ದು 1810ರಲ್ಲಿ, ಲಂಡನ್ನಿನ ಚೆಲ್ಸಿಯಲ್ಲಿ. ಕೂಸಿದ್ದಾಗಲೇ ತಾಯಿ ತೀರಿಕೊಂಡರು. ಬೆಳೆದದ್ದು ನಟ್ಸ್‌ಫರ್ಡ್ ಎಂಬ ಊರಿನಲ್ಲಿ, ತಾಯಿಯ ಸೋದರಿಯ ಮನೆಯಲ್ಲಿ. ಕಾದಂಬರಿಯ ಕ್ರ್ಯಾನ್‌ಫರ್ಡಿಗೆ ಮಾದರಿ ಆ ಊರೇ.

ಇಂಥ ಉಳಿತಾಯದ ಕಥೆ ಬರೆದರೆಂದು ಗ್ಯಾಸ್ಕೆಲ್ ಜುಗ್ಗಿಯಲ್ಲ. ಆ ಕಾಲದ ಇಂಗ್ಲೆಂಡಿನ ಕಾನೂನಿನ ಪ್ರಕಾರ ಹೆಂಡತಿ ದುಡಿದದ್ದು ಗಂಡನದು. 1850ರಲ್ಲಿ ಒಂದು ಕಥೆಗೆ 20 ಪೌಂಡು ಬಂದಾಗ, ಗಂಡ ವಿಲಿಯಂ ಅದನ್ನು ನಿರಾಳವಾಗಿ ಜೇಬಿಗಿಳಿಸಿ ಗುಂಡಿ ಹಾಕಿಕೊಂಡರೆಂದು ಪತ್ರವೊಂದರಲ್ಲಿ ನಗುತ್ತಲೇ ಬರೆದಿದ್ದಾರೆ. ನಗುವಿನೊಳಗೆ ಸ್ವಲ್ಪ ಖಾರವೂ ಇರಬೇಕು. ಏಕೆಂದರೆ 1865ರಲ್ಲಿ ಇದೇ ಆಕೆ ಹ್ಯಾಂಪ್‌ಶೈರಿನಲ್ಲಿ ಸುಮಾರು 2,600 ಪೌಂಡಿನ ಮನೆಯನ್ನು, ಸ್ವಲ್ಪ ಸಾಲವನ್ನೂ ಮಾಡಿ, ಗಂಡನಿಗೆ ಹೇಳದೆ ಕೊಂಡರು! ಅವರ ನಿವೃತ್ತಿಗೆಂದೇ ಕೊಂಡದ್ದು. ಹೆಣ್ಣುಮಕ್ಕಳು ಗುಟ್ಟು ಕಾಪಾಡಿದರು. ಆ ನವೆಂಬರ್ 12ರಂದು ಅದೇ ಮನೆಯಲ್ಲಿ ಮಕ್ಕಳೊಂದಿಗೆ ಮಾತಾಡುತ್ತ ಕೂತಿದ್ದಾಗಲೇ ಆಕೆ ತೀರಿಕೊಂಡರು. ವಿಲಿಯಂ ಆಗ ಮ್ಯಾಂಚೆಸ್ಟರಿನಲ್ಲಿದ್ದರು. ಪತ್ರಿಕೆಯಲ್ಲಿ ಬರುತ್ತಿದ್ದ ಕಾದಂಬರಿಯ ಕೊನೆಯ ಕಂತು ಬಾಕಿ ಇತ್ತು, ಮನೆಯ ಸಾಲವೂ.